ಚಾವಡಿಯ ಪೆಟ್ಟಿಗೆಗೂ ಚಿಲಕ ಬೇಕು

ಒಂದು ಕಾಲದಲ್ಲಿ ನಮ್ಮ ಮನೆಗಳ ಚಾವಡಿಯಲ್ಲಿ ರೇಡಿಯೋ ಪೆಟ್ಟಿಗೆಗೆ ಗೌರವದ ಸ್ಥಾನವಿತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ನಿಲಯ ಆರಂಭವಾದ ಮೇಲಂತೂ ತಾಳಮದ್ದಳೆಯ ಹೊತ್ತಿಗೆ ನೆರೆಮನೆಯವರೂ ಬಂದು ಜಗಲಿಯಲ್ಲಿ ಕುಳಿತುಕೊಳ್ಳುವುದು ಸಾಮಾನ್ಯವಾಗಿತ್ತು. ಆ ಪೆಟ್ಟಿಗೆ ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ಮನೆಯೊಳಗೆ ನಾವು ಆಡಿದ ಮಾತು ಅದರ ಕಿವಿಗೆ ಬೀಳುವಂತಿರಲಿಲ್ಲ. ಅದಕ್ಕೆ ಕಿವಿಯೇ ಇರಲಿಲ್ಲ.

ಈಗ ಅದೇ ಸ್ಥಾನದಲ್ಲಿ ತೆಂಗಿನಕಾಯಿ ಗಾತ್ರದ ನಿಸ್ತಂತು ಸ್ಪೀಕರ್ ಬಂದು ಕುಳಿತಿದೆ. ಗಲ್ಫಿನಲ್ಲಿ ದುಡಿಯುವ ಮಗನೋ, ಬೆಂಗಳೂರಿನಲ್ಲಿ ನೆಲೆಸಿದ ಮಗಳೋ ರಜೆಯಲ್ಲಿ ಬಂದಾಗ ತಂದೆತಾಯಿಗೆಂದು ತಂದಿಟ್ಟು ಹೋದ ವಸ್ತು. ಬಾಯಿಮಾತಿನಲ್ಲಿ ಕೇಳಿದರೆ ಹಾಡು ಹಾಕುತ್ತದೆ, ಮಳೆ ಬರುವುದೋ ಇಲ್ಲವೋ ಹೇಳುತ್ತದೆ, ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದು ಉಪಕಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಪೆಟ್ಟಿಗೆಗೆ ಬಾಯಿಯ ಜೊತೆಗೆ ಕಿವಿಯೂ ಇದೆ. ಮನೆಯ ವೈಫೈ ಮೂಲಕ ಹೊರಜಗತ್ತಿಗೆ ತೆರೆದ ಬಾಗಿಲೂ ಇದೆ. ಆ ಬಾಗಿಲಿಗೆ ಚಿಲಕ ಹಾಕಿದೆಯೇ, ಹಾಕಿದ್ದರೆ ಹಾಕಿದವರು ಯಾರು ಎಂಬುದನ್ನು ನಮ್ಮಲ್ಲಿ ಎಷ್ಟು ಮನೆಯವರು ವಿಚಾರಿಸಿದ್ದೇವೆ?

ಜಿಲ್ಲೆಯ ಉತ್ತರ ಭಾಗದ ಒಂದು ಮನೆಯಲ್ಲಿ ನಡೆದ ಸಂಗತಿ ನಮ್ಮ ಗಮನಕ್ಕೆ ಬಂದಿದೆ. ವೃದ್ಧ ದಂಪತಿ ಇಬ್ಬರೇ ಇರುವ ಮನೆ. ಒಂದು ನಡುರಾತ್ರಿ ಚಾವಡಿಯ ಸ್ಪೀಕರ್ ತನ್ನಷ್ಟಕ್ಕೆ ಗಟ್ಟಿಯಾಗಿ ಸಿನಿಮಾ ಹಾಡು ಹಾಡಲಾರಂಭಿಸಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ಮನೆಯೊಡತಿ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮಾತೆತ್ತಿದರು. ನೆಂಟರ ಹುಡುಗನೊಬ್ಬ ಬಂದು ರೌಟರನ್ನು ಪರಿಶೀಲಿಸಿದಾಗ ನಿಜ ಸಂಗತಿ ಹೊರಬಿತ್ತು. ಮಗಳ ಮದುವೆಗೆ ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಹಂಚಲಾಗಿತ್ತು. ಅದು ಯಜಮಾನರ ಫೋನ್ ನಂಬರೇ ಆಗಿತ್ತು. ಅಂದಿನಿಂದ ಆಚೆಮನೆಯ ಹುಡುಗರ ಫೋನುಗಳು ಈ ಮನೆಯ ನೆಟ್‌ವರ್ಕಿನಲ್ಲಿ ಸೇರಿಯೇ ಇದ್ದವು. ಒಂದೇ ನೆಟ್‌ವರ್ಕಿನಲ್ಲಿರುವ ಫೋನು ಯಾರದೇ ಆಗಲಿ, ಅಂಥ ಸ್ಪೀಕರಿಗೆ ಹಾಡು ಕಳಿಸಬಹುದು. ಹುಡುಗರ ಕುಚೋದ್ಯ ಅಷ್ಟೆ. ಪಾಸ್‌ವರ್ಡ್ ಬದಲಾಯಿಸಿದ ಕೂಡಲೇ ಉಪದ್ರ ನಿಂತಿತು.

ಕೇಳಿದವರು ನಕ್ಕರು, ನಾವೂ ನಕ್ಕೆವು. ಆದರೆ ಹಾಡು ಬಂದ ದಾರಿಯಲ್ಲಿ ಬೇರೇನೂ ಬರಬಹುದಲ್ಲವೇ? 2017ರ ಕೊನೆಯಲ್ಲಿ ಟ್ರೆಂಡ್ ಮೈಕ್ರೋ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಸೋನೋಸ್ ಮತ್ತು ಬೋಸ್ ಕಂಪೆನಿಗಳ ಕೆಲವು ಮಾದರಿಯ ಸ್ಪೀಕರುಗಳನ್ನು ಇಂಟರ್‌ನೆಟ್ ಮೂಲಕ ದೂರದಿಂದಲೇ ಹುಡುಕಿ, ಅವುಗಳಲ್ಲಿ ಬೇಕಾದ ಸದ್ದನ್ನು ನುಡಿಸಬಹುದೆಂದು ತೋರಿಸಿಕೊಟ್ಟರು. ಅದಕ್ಕೆ ದೊಡ್ಡ ಮಾಂತ್ರಿಕ ವಿದ್ಯೆಯೇನೂ ಬೇಕಾಗಿರಲಿಲ್ಲ. ಒಂದೇ ನೆಟ್‌ವರ್ಕಿನಲ್ಲಿರುವವರೆಲ್ಲ ಮನೆಯವರೇ ಎಂದು ಪೆಟ್ಟಿಗೆ ನಂಬುತ್ತಿತ್ತು. ಆ ನೆಟ್‌ವರ್ಕಿನ ಬಾಗಿಲು ಮನೆಯವರಿಗೆ ತಿಳಿಯದಂತೆ ಬೀದಿಗೆ ತೆರೆದಿತ್ತು. ಅದಕ್ಕೂ ಒಂದು ವರ್ಷ ಮೊದಲು, 2016ರ ಅಕ್ಟೋಬರ್ 21ರಂದು, ಮಿರಾಯ್ ಎಂಬ ದುಷ್ಟ ಪ್ರೋಗ್ರಾಮಿನ ವಶವಾಗಿದ್ದ ಅಸಂಖ್ಯ ಕ್ಯಾಮೆರಾ, ರೌಟರುಗಳು ಒಟ್ಟಾಗಿ ದಾಳಿಯಿಟ್ಟು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವುಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿದವು. ಮಿರಾಯ್ ಬಳಸಿದ ಕೀಲಿಕೈ ಯಾವುದು? ಕಾರ್ಖಾನೆಯಲ್ಲೇ ಇಟ್ಟಿದ್ದ, ಕೊಂಡವರು ಬದಲಾಯಿಸದೆ ಬಿಟ್ಟಿದ್ದ ಅರುವತ್ತರಷ್ಟು ಹೆಸರು-ಪಾಸ್‌ವರ್ಡುಗಳ ಪಟ್ಟಿ. ಆ ಯಂತ್ರಗಳ ಒಡೆಯರಿಗೆ ತಮ್ಮ ವಸ್ತು ಯಾರ ಕೆಲಸ ಮಾಡುತ್ತಿದೆಯೆಂಬುದರ ಅರಿವೇ ಇರಲಿಲ್ಲ.

ಆದುದರಿಂದ ಸ್ಪೀಕರಿನ ರಕ್ಷಣೆ ಆರಂಭವಾಗಬೇಕಾದುದು ರೌಟರಿನಿಂದ. ರೌಟರಿಗೆ ಎರಡು ಬೀಗಗಳಿವೆ ಎಂಬುದು ಬಹಳ ಮಂದಿಗೆ ತಿಳಿಯದು. ಒಂದು, ವೈಫೈಗೆ ಸೇರುವ ಪಾಸ್‌ವರ್ಡ್. ಇನ್ನೊಂದು, ರೌಟರಿನ ಒಳಗೆ ಹೋಗಿ ಎಲ್ಲ ಏರ್ಪಾಡುಗಳನ್ನು ಬದಲಾಯಿಸುವ ಅಡ್ಮಿನ್ ಪಾಸ್‌ವರ್ಡ್. ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಒತ್ತಿದರೆ ಸಾಮಾನ್ಯವಾಗಿ ಈ ಎರಡನೆಯ ಬಾಗಿಲು ಕಾಣುತ್ತದೆ. ನಿಮ್ಮ ರೌಟರಿನ ಸರಿಯಾದ ವಿಳಾಸ ಹೆಚ್ಚಾಗಿ ಅದರ ಅಡಿಭಾಗದ ಚೀಟಿಯಲ್ಲಿರುತ್ತದೆ. ಕನೆಕ್ಷನ್ ಕೊಡಲು ಬಂದ ಹುಡುಗ ಎರಡನ್ನೂ ತನಗೆ ಅನುಕೂಲವಾಗುವಂತೆ ಇಟ್ಟು ಹೋಗಿರುತ್ತಾನೆ. ಅವನನ್ನು ನಾವು ದೂರುವುದಿಲ್ಲ. ದಿನಕ್ಕೆ ಹತ್ತು ಮನೆ ಸುತ್ತುವವನು ಅವನು. ಆದರೆ ಹೊಸ ಮನೆಯ ಬಾಗಿಲಿಗೆ ಬೀಗ ಕೂರಿಸಿದ ಬಡಗಿ ಕೀಲಿಕೈಯ ಜೊತೆಯೊಂದನ್ನು ತನ್ನಲ್ಲಿಟ್ಟುಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಅವನು ಹೋದ ಸಂಜೆಯೇ ಎರಡನ್ನೂ ಬದಲಾಯಿಸತಕ್ಕದ್ದು. ಎರಡೂ ಬೇರೆ ಬೇರೆಯಾಗಿರಲಿ, ಉದ್ದವಾಗಿರಲಿ. ಹೆಸರು, ಫೋನ್ ನಂಬರು, ಹುಟ್ಟಿದ ದಿನ ಬೇಡ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನಮಗೆ ನೆನಪಿರುತ್ತದೆ, ಪರರಿಗೆ ಊಹೆಗೆ ಸಿಗುವುದಿಲ್ಲ. ಪುಸ್ತಕದಲ್ಲಿ ಬರೆದು ಕಪಾಟಿನೊಳಗಿಟ್ಟರೆ ತಪ್ಪಿಲ್ಲ, ಗೋಡೆಗೆ ಅಂಟಿಸಬಾರದು.

ಒಳಹೊಕ್ಕ ಮೇಲೆ ಇನ್ನು ಮೂರು ವಿಷಯಗಳನ್ನು ನೋಡತಕ್ಕದ್ದು. ವೈಫೈ ಭದ್ರತೆಯ ಸಾಲಿನಲ್ಲಿ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂದಿರಬೇಕು. ಹಳೆಯ ಡಬ್ಲ್ಯುಇಪಿ ಎಂದಿದ್ದರೆ ಅದು ಇದ್ದೂ ಇಲ್ಲದಂತೆ. ಅದರ ಬೀಗ 2001ರಲ್ಲೇ ಮುರಿದಿದೆ. ಎರಡನೆಯದಾಗಿ, ಗುಂಡಿಯೊತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸುಲಭವಾಗಿ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಕರ್ಯವನ್ನು ಮುಚ್ಚಬೇಕು. ಆ ಎಂಟಂಕಿಯ ಪಿನ್ನನ್ನು ಹನ್ನೊಂದು ಸಾವಿರ ಯತ್ನಗಳೊಳಗೆ ಕಂಡುಹಿಡಿಯಬಹುದೆಂದು 2011ರಲ್ಲಿ ಬಯಲಾಗಿದೆ. ಮನುಷ್ಯನಿಗೆ ಅದು ದೊಡ್ಡ ಸಂಖ್ಯೆ. ಕಂಪ್ಯೂಟರಿಗೆ ಕೆಲವು ಗಂಟೆಗಳ ಕೆಲಸ. ಮೂರನೆಯದಾಗಿ, ಹೊರಗಿನಿಂದ ಒಳಕ್ಕೆ ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್, ಯಂತ್ರಗಳು ತಾವಾಗಿ ಅಂಥ ದಾರಿ ಮಾಡಿಕೊಳ್ಳುವ ಯುಪಿಎನ್‌ಪಿ, ದೂರದಿಂದ ರೌಟರಿನೊಳಗೆ ಬರಗೊಡುವ ರಿಮೋಟ್ ಮ್ಯಾನೇಜ್‌ಮೆಂಟ್, ಇವು ನಿಮಗೆ ಬೇಕೇಬೇಕೆಂದಿಲ್ಲದಿದ್ದರೆ ಮುಚ್ಚಿರಲಿ. ಹಾಡು ಕೇಳುವುದಕ್ಕೆ ಇವುಗಳ ಅಗತ್ಯವಿಲ್ಲ.

ನೆಂಟರು ಬಂದರೆ ವೈಫೈ ಕೊಡದಿರುವುದು ನಮ್ಮ ಸಂಪ್ರದಾಯವಲ್ಲ, ಸರಿ. ಅದಕ್ಕೂ ಉಪಾಯವಿದೆ. ಈಗಿನ ಹೆಚ್ಚಿನ ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಏರ್ಪಾಡಿದೆ. ಬಂದವರಿಗೆ ಜಗಲಿಯಲ್ಲಿ ಚಾಪೆ ಹಾಸಿ ಬೆಲ್ಲ ನೀರು ಕೊಟ್ಟಂತೆ ಇದು. ಉಪಚಾರಕ್ಕೆ ಕೊರತೆಯಿಲ್ಲ, ಒಳಕೋಣೆಗೆ ಪ್ರವೇಶವೂ ಇಲ್ಲ. ಮನೆಯವರ ಫೋನು ಮತ್ತು ಸ್ಪೀಕರ್ ಮುಖ್ಯ ನೆಟ್‌ವರ್ಕಿನಲ್ಲಿರಲಿ, ನೆಂಟರ ಫೋನುಗಳು ಗೆಸ್ಟಿನಲ್ಲಿರಲಿ. ಸ್ಪೀಕರನ್ನೇ ಗೆಸ್ಟಿಗೆ ಹಾಕಿದರೆ ಮನೆಯವರ ಫೋನಿಗೆ ಅದು ಕಾಣಿಸದೆ ಹೋಗಬಹುದು. ಏಕೆಂದರೆ ಫೋನಿನಿಂದ ನಡೆಸುವ ಸ್ಪೀಕರುಗಳಿಗೆ ಎರಡೂ ಒಂದೇ ನೆಟ್‌ವರ್ಕಿನಲ್ಲಿರಬೇಕಾಗುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆಯ ನಮ್ಮ ಮನೆಗಳಲ್ಲಿ 5 ಗಿಗಾಹರ್ಟ್ಸಿನ ಅಲೆಗಿಂತ 2.4 ಗಿಗಾಹರ್ಟ್ಸಿನದು ಹೆಚ್ಚು ದೂರ ತಲಪುತ್ತದೆ ಎಂಬುದೂ ನೆನಪಿರಲಿ.

ಇನ್ನು ಪೆಟ್ಟಿಗೆಯ ಕಿವಿಯ ವಿಚಾರ. ಕರೆಯುವ ಹೆಸರು ಕಿವಿಗೆ ಬಿದ್ದ ಮೇಲೆ ಆಡಿದ ಮಾತನ್ನು ಅದು ಕಂಪೆನಿಯ ಕಂಪ್ಯೂಟರುಗಳಿಗೆ ಕಳಿಸುತ್ತದೆ. ತನ್ನ ಹೆಸರನ್ನು ಅದು ತಪ್ಪಾಗಿ ಕೇಳಿಸಿಕೊಳ್ಳುವುದೂ ಉಂಟು. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಮನೆಯೊಂದರಲ್ಲಿ ಗಂಡಹೆಂಡಿರ ಮಾತನ್ನು ಅಲೆಕ್ಸಾ ಹೀಗೆ ತಪ್ಪು ತಿಳಿದು ಅವರ ಪರಿಚಿತರೊಬ್ಬರಿಗೆ ರವಾನಿಸಿಬಿಟ್ಟಿತು. ಅಮೆಝಾನ್ ಮತ್ತು ಗೂಗಲ್ ಕಂಪೆನಿಗಳ ಪರವಾಗಿ ಕೆಲಸ ಮಾಡುವವರು ಇಂಥ ಧ್ವನಿಮುದ್ರಿಕೆಗಳಲ್ಲಿ ಕೆಲವನ್ನು ಕಿವಿಗೊಟ್ಟು ಕೇಳುತ್ತಾರೆಂಬ ವರದಿಗಳು 2019ರಲ್ಲಿ ಬಂದುವು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದ ಪ್ರಕರಣದಲ್ಲಿ ಎರಡೂವರೆ ಕೋಟಿ ಡಾಲರ್ ದಂಡ ತೆರಲು ಅಮೆಝಾನ್ 2023ರಲ್ಲಿ ಒಪ್ಪಿಕೊಂಡಿತು. ಮಾತಿನಲ್ಲಿ ಮಾನವಿದೆ, ಮನೆಯ ಗುಟ್ಟಿದೆ. ಆಸ್ತಿ ಪಾಲಿನ ಮಾತು, ಕಾಯಿಲೆಯ ಮಾತು, ಮಗಳ ಸಂಬಂಧದ ಮಾತು ಎಲ್ಲವೂ ನಡೆಯುವುದು ಅದೇ ಚಾವಡಿಯಲ್ಲಿ.

ಆದುದರಿಂದ ಅಂಥ ಮಾತಿನ ಹೊತ್ತಿಗೆ ಪೆಟ್ಟಿಗೆಯ ಮೈಕ್ ಮುಚ್ಚುವ ಗುಂಡಿ ಒತ್ತುವ ಅಭ್ಯಾಸವಾಗಲಿ. ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಧ್ವನಿಮುದ್ರಿಕೆಗಳನ್ನು ಉಳಿಸಬೇಡ ಎಂಬ ಆಯ್ಕೆಯಿದ್ದರೆ ಅದನ್ನು, ಇಲ್ಲದಿದ್ದರೆ ಕೆಲವು ತಿಂಗಳಿಗೊಮ್ಮೆ ತಾನಾಗಿ ಅಳಿಸುವ ಆಯ್ಕೆಯನ್ನು ಒತ್ತತಕ್ಕದ್ದು. ಬಾಯಿಮಾತಿನಿಂದ ಸಾಮಾನು ಖರೀದಿಸುವ ಸೌಕರ್ಯವನ್ನು ಮುಚ್ಚಬೇಕು. ಪೆಟ್ಟಿಗೆಯ ಖಾತೆಗೆ ಎರಡು ಹಂತದ ಪರಿಶೀಲನೆ ಇರಲಿ. ಕಂಪೆನಿ ಕಳಿಸುವ ಅಪ್‌ಡೇಟುಗಳನ್ನು ತಡೆಯಬಾರದು, ಕಂಡುಬಂದ ಬಿರುಕುಗಳನ್ನು ಮುಚ್ಚುವುದು ಅವುಗಳೇ. ಪೆಟ್ಟಿಗೆಯನ್ನು ಮಾರುವ, ರಿಪೇರಿಗೆ ಕೊಡುವ, ಬೇರೆಯವರಿಗೆ ದಾಟಿಸುವ ಮೊದಲು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿ ಕೊಡತಕ್ಕದ್ದು. ಇಲ್ಲವಾದರೆ ಮನೆಯ ವೈಫೈ ಗುರುತು, ಖಾತೆ ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಇಷ್ಟೆಲ್ಲ ಹೇಳುವಾಗ ಒಂದು ಪ್ರಶ್ನೆ ಸಹಜ. ಈ ಎಲ್ಲ ಸೂಚನೆಗಳು ಇಂಗ್ಲಿಷಿನಲ್ಲಿವೆಯಲ್ಲ, ಎಪ್ಪತ್ತು ದಾಟಿದ ತಾಯಿ ಓದುವುದು ಹೇಗೆ? ನಮ್ಮ ಮಾತಿನ ತಿರುಳು ಇರುವುದೇ ಇಲ್ಲಿ. 1956ರ ನವೆಂಬರ್ 1ರ ನಂತರ ಈ ನೆಲದ ಕನ್ನಡಿಗರು ಎಷ್ಟೋ ಅರ್ಜಿ ಬರೆದಿದ್ದೇವೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕೆಂದರೆ ಹಾಕಲೊಲ್ಲೆವೆಂದಿದ್ದೇವೆ. ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸಲು 1969ರ ಕೇರಳ ರಾಜ್ಯಭಾಷಾ ಶಾಸನದಲ್ಲಿ ಅವಕಾಶವಿದೆ. ಕಚೇರಿಯಲ್ಲಿ ಇಷ್ಟು ಎಚ್ಚರದಿಂದಿರುವ ನಾವು ಮನೆಯ ಚಾವಡಿಯಲ್ಲಿ ಮಾಡುತ್ತಿರುವುದೇನು? ವಿಡಿಯೋ ಕಾಲಿನಲ್ಲಿ ಮಗ "ಅಪ್ಪಾ, ಅಲ್ಲಿ ಕೆಳಗೆ ನೀಲಿ ಗುಂಡಿ ಇದೆಯಲ್ಲ, ಅದನ್ನು ಒತ್ತಿ" ಎಂದರೆ ಒತ್ತುತ್ತೇವೆ. ಒತ್ತಿದ್ದು ಒಪ್ಪಿಗೆಯ ಗುಂಡಿ. ಯಾವುದಕ್ಕೆ ಒಪ್ಪಿದೆವೆಂಬುದು ಅಪ್ಪನಿಗೂ ತಿಳಿಯದು, ಮಗನಿಗೂ ತಿಳಿಯದು. 2017ರಲ್ಲಿ ಇಂಗ್ಲಿಷ್ ಮಾತಾಡುತ್ತ ಭಾರತಕ್ಕೆ ಬಂದ ಅಲೆಕ್ಸಾ 2019ರಲ್ಲಿ ಹಿಂದಿ ಕಲಿಯಿತು. ನಮ್ಮ ಅಜ್ಜಿಯಂದಿರಾದರೋ ಪೆಟ್ಟಿಗೆಯನ್ನು ಮಾತಾಡಿಸಲು ಎರಡು ಇಂಗ್ಲಿಷ್ ಶಬ್ದ ಕಲಿತರು. ಅಷ್ಟು ಕಲಿತವರು ಒಪ್ಪಿಗೆಯ ಕಾಗದವನ್ನು ತಮ್ಮ ಭಾಷೆಯಲ್ಲಿ ಕೇಳಲು ಹಿಂಜರಿಯಬೇಕಿಲ್ಲ.

ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲೀ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲೀ ಓದುವ ಆಯ್ಕೆಯನ್ನು ನಮಗೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಈ ಹಕ್ಕು ರಾಜ್ಯದ ಗಡಿಯನ್ನು ನೋಡುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದು ಬೆಂಗಳೂರಿನವನಿಗೆ ಎಷ್ಟೋ ಮಂಜೇಶ್ವರದವನಿಗೂ ಅಷ್ಟೆ. ತಾಲೂಕಿನಲ್ಲಿ ಕನ್ನಡಿಗರ ಶೇಕಡಾವಾರು ಎಷ್ಟೆಂದು ಲೆಕ್ಕ ಹಾಕುವ ಗೋಜಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಟ್ಟಳೆಗಳಿಗೆ ಕಂಪೆನಿಗಳು ಅಣಿಯಾಗಲು ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಗಡುವು ಮುಗಿದಾಗ ಕನ್ನಡದ ಸೂಚನೆಯನ್ನು ಕೇಳುವವರೇ ಇಲ್ಲವಾದರೆ, ಕೊಡುವವರು ಅದನ್ನು ಯಾವ ಮೂಲೆಯಲ್ಲಿ ಅಡಗಿಸಿಯಾರು ಎಂದು ಹೇಳಬೇಕಾಗಿಲ್ಲ.

ಹಾಗೆಂದು ಗಡುವಿನವರೆಗೆ ಕೈಕಟ್ಟಿ ಕುಳಿತಿರಬೇಕಾಗಿಯೂ ಇಲ್ಲ. 2025ರ ಆಗಸ್ಟಿನಲ್ಲಿ ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿತವಾಯಿತು. ಸಂತೋಷ. ಆದರೆ ಫೋನಿನಲ್ಲಿ ವಿಡಿಯೋ ನೋಡಲು ಬರುವುದು ಮಾತ್ರ ಸಾಕ್ಷರತೆಯಲ್ಲ, ತನ್ನ ಮನೆಯ ನೆಟ್‌ವರ್ಕಿನ ಕೀಲಿಕೈ ತನ್ನ ಕೈಯಲ್ಲಿರುವುದು ಸಾಕ್ಷರತೆ. ನಮ್ಮ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ತಂಡದ ಮಕ್ಕಳಿದ್ದಾರೆ. ಗ್ರಂಥಾಲಯಗಳಿವೆ, ಯುವಕ ಮಂಡಲಗಳಿವೆ, ಮಹಿಳಾ ಸಂಘಗಳಿವೆ. ಒಂದು ಆದಿತ್ಯವಾರದ ಅಪರಾಹ್ನ ವಾಚನಾಲಯದಲ್ಲಿ ಸೇರಿ, ಒಂದು ರೌಟರ್, ಒಂದು ಸ್ಪೀಕರ್ ಎದುರಿಗಿಟ್ಟು, ಮೇಲೆ ಹೇಳಿದ ಏರ್ಪಾಡುಗಳನ್ನು ಕನ್ನಡದಲ್ಲಿ ವಿವರಿಸಿದರೆ ಎರಡು ಗಂಟೆಯಲ್ಲಿ ಮುಗಿಯುವ ಕೆಲಸವಿದು. ಒಂದು ಪುಟದ ಕನ್ನಡ ಸೂಚನಾಪತ್ರ ಮುದ್ರಿಸಿ ಹಂಚುವುದಕ್ಕೆ ದೊಡ್ಡ ಖರ್ಚೂ ಇಲ್ಲ.

ದೂರದೂರಿನಲ್ಲಿರುವ ಮಕ್ಕಳಲ್ಲೂ ನಮ್ಮದೊಂದು ವಿನಂತಿ. ಮುಂದಿನ ರಜೆಯಲ್ಲಿ ಬರುವಾಗ ಸ್ಪೀಕರ್ ತರುವಿರಾದರೆ ತನ್ನಿ. ಹಚ್ಚಿಕೊಟ್ಟು ಮರುದಿನವೇ ಬಸ್ಸು ಹತ್ತಬೇಡಿ. ಅಪ್ಪನ ಕೈಯಿಂದಲೇ ಒಮ್ಮೆ ಪಾಸ್‌ವರ್ಡ್ ಬದಲಾಯಿಸಿರಿ, ಅಮ್ಮನ ಬೆರಳಿನಿಂದಲೇ ಒಮ್ಮೆ ಮೈಕ್ ಮುಚ್ಚಿಸಿ ತೆರೆಯಿಸಿರಿ. ಖಾತೆ ಯಾರ ಹೆಸರಿನಲ್ಲಿದೆ, ಯಾರು ಯಾರಿಗೆ ಪಾಸ್‌ವರ್ಡ್ ತಿಳಿದಿದೆ ಎಂಬುದನ್ನು ಬರೆದಿಟ್ಟು ಹೋಗಿರಿ. ರಾತ್ರಿ ಮಲಗುವ ಮುನ್ನ ಬಾಗಿಲಿನ ಚಿಲಕ ಹಾಕಿದೆಯೇ ಎಂದು ಮುಟ್ಟಿ ನೋಡುವ ಪದ್ಧತಿ ನಮ್ಮ ಹಿರಿಯರಲ್ಲಿ ಇನ್ನೂ ಉಳಿದಿದೆ. ಈ ಹೊಸ ಬಾಗಿಲು ಎಲ್ಲಿದೆಯೆಂದು ಅವರಿಗೆ ತೋರಿಸಿಕೊಟ್ಟರೆ ಉಳಿದುದನ್ನು ಅವರೇ ನೋಡಿಕೊಂಡಾರು.