ಕೆಲಸ ಕೊಡದಿದ್ದರೂ ಉತ್ತರವನ್ನಾದರೂ ಕೊಡಿ

‘ಸೇಲ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಆಕರ್ಷಕ ಸಂಬಳ ಮತ್ತು ಇನ್ಸೆಂಟಿವ್.’ ಮಂಗಳೂರಿನ ಗೋಡೆಗಳಲ್ಲಿ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಂಥ ಜಾಹೀರಾತಿಗೆ ಬರ ಇಲ್ಲ. ಡಿಗ್ರಿ ಮುಗಿಸಿದ ನಮ್ಮ ಮಕ್ಕಳಲ್ಲಿ ಹಲವರು ಮೊದಲು ಹೋಗುವುದೂ ಇದಕ್ಕೇ. ಆದರೆ ಹೀಗೆ ಹೋದ ಮಕ್ಕಳನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬ ಬಗ್ಗೆ ನಾವು ಮಾತಾಡುವುದು ಕಡಿಮೆ.

ನಮಗೆ ಗೊತ್ತಿರುವ ಒಬ್ಬ ಹುಡುಗ ಬಿ.ಸಿ.ರೋಡ್ ಕಡೆಯವನು. ಬಿ.ಕಾಂ. ಆಗಿದೆ. ನಗರದ ಒಂದು ಕಂಪೆನಿಯಿಂದ ಬೆಳಿಗ್ಗೆ ಹತ್ತು ಗಂಟೆಗೆ ಬರಲು ಫೋನ್ ಬಂತು. ಹೋದ. ಫಾರಂ ತುಂಬಿಸಿ ಒಂದೂವರೆಯವರೆಗೆ ಕೂರಿಸಿದರು. ಒಳಗೆ ಕರೆದು ಮಾತಾಡಿಸಿದ್ದು ಐದೇ ನಿಮಿಷ. ‘ಬೈಕ್ ಉಂಟಾ? ಲೈಸೆನ್ಸ್ ಉಂಟಾ? ಈ ಪೆನ್ನನ್ನು ನನಗೆ ಮಾರು ನೋಡುವ’ ಅಷ್ಟೇ. ಎರಡನೆಯ ಸುತ್ತು ಶುಕ್ರವಾರ ಹನ್ನೆರಡೂವರೆಗೆ. ಜುಮಾ ಉಂಟು, ಎರಡು ಗಂಟೆಗೆ ಬರಬಹುದಾ ಎಂದು ಕೇಳಿದ್ದಕ್ಕೆ, ‘ಈಗಲೇ ಹೀಗಾದರೆ ಮುಂದೆ ಟಾರ್ಗೆಟ್ ಹೇಗೆ ಮಾಡ್ತೀ?’ ಎಂಬ ಮಾತು. ಮೂರನೆಯ ಸುತ್ತಿನ ಹೆಸರಲ್ಲಿ ಒಂದು ದಿನ ಪೂರ್ತಿ ಫೀಲ್ಡಿಗೆ ಕಳಿಸಿದರು. ಸ್ವಂತ ಬೈಕು, ಸ್ವಂತ ಪೆಟ್ರೋಲು, ಸಂಜೆಗೆ ಬರಿಗೈ. ಸಂಬಳದ ವಿಷಯ ಬಾಯಿಬಿಟ್ಟದ್ದು ಆಮೇಲೆ. ಜಾಹೀರಾತಿನಲ್ಲಿ ಹೇಳಿದ್ದರ ಅರ್ಧ ಮಾತ್ರ ಖಾಯಂ, ಉಳಿದದ್ದು ಮಾರಿದರೆ ಸಿಗುವುದು. ಅದಕ್ಕೂ ಅವನು ಒಪ್ಪಿದ. ‘ಎಚ್‌ಆರ್ ಫೋನ್ ಮಾಡ್ತಾರೆ’ ಅಂದರು. ಆ ಫೋನ್ ಬರಲೇ ಇಲ್ಲ. ಇವನು ಮಾಡಿದರೆ ಎತ್ತುವವರಿಲ್ಲ.

ಇದು ಒಬ್ಬನ ಕತೆ ಮಾತ್ರ ಅಲ್ಲ ಮಾರಾಯ್ರೆ. ಹುಡುಗಿಯರಾದರೆ ಇನ್ನೂ ಎರಡು ಪ್ರಶ್ನೆ ಜಾಸ್ತಿ: ‘ಮದುವೆ ಯಾವಾಗ? ಮನೆಯಲ್ಲಿ ಬಿಡ್ತಾರಾ?’ ಆ ಕೆಲಸಕ್ಕೂ ಈ ಪ್ರಶ್ನೆಗೂ ಎಂತ ಸಂಬಂಧ ಎಂದು ಯಾರೂ ಕೇಳುವುದಿಲ್ಲ.

ನಮಗೆ ಹೆಚ್ಚು ಬೇಸರ ಆಗುವುದು ‘ಅನುಭವ ಇಲ್ಲ’ ಎಂಬ ಮಾತಿಗೆ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಎಂಬ ಅಭಿಪ್ರಾಯ ಉಂಟು. ಬಾಪನ ಅಂಗಡಿಯಲ್ಲಿ ಶಾಲೆಯ ರಜೆಯಿಡೀ ನಿಂತ ಹುಡುಗನಿಗೆ ಚೌಕಾಸಿ ಗೊತ್ತು, ಸಾಲ ಕೇಳುವವರನ್ನು ಸಂಭಾಳಿಸುವುದು ಗೊತ್ತು, ತುಳು, ಬ್ಯಾರಿ, ಕನ್ನಡ, ಹಿಂದಿ ನಾಲ್ಕರಲ್ಲೂ ಗಿರಾಕಿಯ ಹತ್ತಿರ ಮಾತಾಡಲು ಗೊತ್ತು. ಆದರೆ ಬಯೋಡಾಟಾದಲ್ಲಿ ಅನುಭವದ ಜಾಗ ಖಾಲಿ. ಮಕ್ಕಳೇ, ಅದನ್ನು ಬರೆಯಿರಿ. ಯಾವ ಅಂಗಡಿ, ಎಷ್ಟು ವರ್ಷ, ಎಂತ ಮಾರುತ್ತಿದ್ದಿರಿ ಎಂದು ಬರೆಯಿರಿ. ಅದು ನಾಚಿಕೆಯ ವಿಷಯ ಅಲ್ಲ.

ಕಂಪೆನಿಯವರ ಮಾತನ್ನೂ ಕೇಳಬೇಕು. ‘ಹುಡುಗರು ಹತ್ತು ದಿನ ಬಂದು ಹೇಳದೆ ಬಿಡ್ತಾರೆ, ಯಾರನ್ನು ನಂಬುವುದು?’ ಅಂತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಹೇಳಿದ ಸಂಬಳ ಬೇರೆ, ಕೊಡುವ ಸಂಬಳ ಬೇರೆ ಆದರೆ ಹುಡುಗ ನಿಲ್ಲುವುದು ಹೇಗೆ? ಟಾರ್ಗೆಟ್ ಎಷ್ಟು, ಪೆಟ್ರೋಲ್ ಯಾರದ್ದು, ರಜೆ ಯಾವಾಗ ಎಂದು ಮೊದಲ ದಿನವೇ ಹೇಳಿದರೆ ಆಗದವನು ಅಲ್ಲಿಂದಲೇ ಎದ್ದು ಹೋಗುತ್ತಾನೆ. ಇಬ್ಬರ ಸಮಯವೂ ಉಳಿಯುತ್ತದೆ.

ಕಾನೂನೂ ಸುಮ್ಮನೆ ಕೂತಿಲ್ಲ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂದದ್ದು. ಅದರ 6ಎ ಕಲಂ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಪತ್ರ ಕೊಡಬೇಕು. ಹೀಗೆ ಬರೆದು ಕೊಡುವುದು ದೊಡ್ಡ ಕಂಪೆನಿಗೆ ಮಾತ್ರ ಅಲ್ಲ, ಬಟ್ಟೆ ಅಂಗಡಿಗೂ ಮೊಬೈಲ್ ಅಂಗಡಿಗೂ ಒಳ್ಳೆಯದು. ಹಾಗಾಗಿ ನಮ್ಮವರೇ ಆದ ವ್ಯಾಪಾರಿಗಳಿಗೂ ಒಂದು ಮಾತು. ‘ನಾಳೆಯಿಂದ ಬಾ, ಸಂಬಳ ಆಮೇಲೆ ನೋಡುವ’ ಎನ್ನುವುದು ಪ್ರೀತಿಯ ಮಾತಿನ ಹಾಗೆ ಕೇಳುತ್ತದೆ. ತಿಂಗಳ ಕೊನೆಗೆ ಕೈಗೆ ಕಡಿಮೆ ಬಂದಾಗ ಆ ಹುಡುಗನಿಗೆ ಬಾಯಿಬಿಡಲು ದಾರಿ ಇರುವುದಿಲ್ಲ, ಏಕೆಂದರೆ ಸಾಹುಕಾರರು ಬಾಪನ ಪರಿಚಯದವರು. ಒಂದು ಕಾಗದದಲ್ಲಿ ಬರೆದು ಕೊಟ್ಟರೆ ಪರಿಚಯವೂ ಉಳಿಯುತ್ತದೆ, ನಂಬಿಕೆಯೂ ಉಳಿಯುತ್ತದೆ.

ಇನ್ನೊಂದು ಅಪಾಯದ ಬಗ್ಗೆ ಎಚ್ಚರ ಬೇಕು. ಮೂರು ನಾಲ್ಕು ಕಡೆ ಹೀಗೆ ಅಲೆದು ಸೋತವನನ್ನು ‘ಇಂಟರ್‌ವ್ಯೂ ಇಲ್ಲ, ಕಿಟ್‌ಗೆ ಇಷ್ಟು ಕಟ್ಟಿದರೆ ನಾಳೆಯೇ ಕೆಲಸ’ ಎನ್ನುವವರು ಸುಲಭವಾಗಿ ಹಿಡಿಯುತ್ತಾರೆ. ಕೇಂದ್ರ ಸರ್ಕಾರದ 2021ರ ನೇರ ಮಾರಾಟ ನಿಯಮಗಳ ಪ್ರಕಾರ ನೇರ ಮಾರಾಟದ ಕಂಪೆನಿಗಳು ಸೇರುವವರಿಂದ ಪ್ರವೇಶ ಶುಲ್ಕ ಪಡೆಯುವಂತಿಲ್ಲ, ತೋರಿಸಿ ಮಾರುವ ಸಾಮಾನಿಗೂ ಹಣ ಕೇಳುವಂತಿಲ್ಲ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು, ನೀವು ಅವರಿಗೆ ಅಲ್ಲ. ಇದೊಂದನ್ನು ಪ್ರತಿ ಮನೆಯಲ್ಲೂ ಮಕ್ಕಳಿಗೆ ಹೇಳಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೋರಿಸಿ, ಆದರೆ ಬಿಟ್ಟು ಬರಬೇಡಿ. ಕೊಡುವುದಾದರೆ ಝೆರಾಕ್ಸ್ ಸಾಕು.

ಮನೆಯವರೂ ಸ್ವಲ್ಪ ತಾಳ್ಮೆ ತೋರಿಸಬೇಕು. ‘ಅವನಿಗೆ ಸಿಕ್ಕಿತು, ನಿನಗೆ ಯಾಕೆ ಇಲ್ಲ? ಗಲ್ಫಿಗಾದರೂ ಹೋಗು’ ಎಂದು ಊಟಕ್ಕೆ ಕೂತಾಗ ಹೇಳಿದರೆ, ಹೊರಗೆ ಆದ ಅವಮಾನ ಮನೆಯೊಳಗೂ ಬಂದ ಹಾಗೆ. ಗಲ್ಫಿನಲ್ಲೂ ಅನುಭವ ಕೇಳದೆ ಕೆಲಸ ಕೊಡುವವರು ಕಡಿಮೆ.

ನಾವು ಕೇಳುವುದು ದೊಡ್ಡದೇನಲ್ಲ. ಜಾಹೀರಾತಿನಲ್ಲಿ ಖಾಯಂ ಸಂಬಳ ಎಷ್ಟು ಎಂದು ಬರೆಯಿರಿ. ಆರಂಭದ ಕೆಲಸಕ್ಕೆ ಎರಡು ಸುತ್ತು ಸಾಕು. ಫೀಲ್ಡಿಗೆ ಕಳಿಸಿದರೆ ಆ ದಿನದ ಕೂಲಿ ಕೊಡಿ. ಆಗುವುದಿಲ್ಲ ಎಂದಾದರೆ ‘ಆಗುವುದಿಲ್ಲ’ ಎಂದು ಒಂದು ಮೆಸೇಜ್ ಹಾಕಿ. ಅದಕ್ಕೆ ಖರ್ಚಿಲ್ಲ. ಆ ಒಂದು ಸಾಲು ಬಂದರೆ ಹುಡುಗ ಮರುದಿನವೇ ಇನ್ನೊಂದು ಕಡೆ ಹೋಗುತ್ತಾನೆ. ಬರದಿದ್ದರೆ ಫೋನ್ ನೋಡುತ್ತಾ ತಿಂಗಳು ಕಳೆಯುತ್ತಾನೆ.