ಎಲ್ಲಾ ನೋವೂ ಪೈಲ್ಸ್ ಅಲ್ಲ

ಆಫೀಸಲ್ಲಿ ಬೆನ್ನು ನೋವು ಅಂತ ಹೇಳಿ ನೋಡಿ, ಕುರ್ಚಿಯ ಎತ್ತರದಿಂದ ಹಿಡಿದು ಯೋಗಾಸನದವರೆಗೆ ಹತ್ತು ಜನ ಸಲಹೆ ಕೊಡ್ತಾರೆ. ಆದರೆ ‘ಟಾಯ್ಲೆಟ್ಟಿಗೆ ಹೋದರೆ ಪ್ರಾಣ ಹೋಗೋ ಹಾಗೆ ನೋವಾಗುತ್ತೆ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಹೇಳಲ್ಲ. ತೀರಾ ಹೇಳಲೇಬೇಕಾಗಿ ಬಂದರೆ ‘ಸ್ವಲ್ಪ ಹೀಟ್ ಆಗಿದೆ’ ಅಂತ ಮಾತು ತೇಲಿಸ್ತೀವಿ.

ಕಳೆದ ವರ್ಷ ಆ ನೋವು ನನಗೂ ಬಂತು. ಮೂರನೇ ದಿನಕ್ಕೆ ಡಾಕ್ಟರ್ ಹತ್ತಿರ ಹೋದೆ. ಅವರು ನೋಡಿ ಹೇಳಿದ್ದು ಒಂದೇ ಮಾತು: ‘ಇದು ಪೈಲ್ಸ್ ಅಲ್ಲ, ಫಿಶರ್.’

ರಸ್ತೆ ಬದಿಯ ಬೋರ್ಡುಗಳಲ್ಲಿ ಪೈಲ್ಸ್, ಫಿಶರ್, ಫಿಸ್ಟುಲಾ ಮೂರೂ ಒಂದೇ ಸಾಲಿನಲ್ಲಿ ಇರುತ್ತವಲ್ಲ, ಅದನ್ನು ನೋಡಿ ನೋಡಿ ಮೂರೂ ಒಂದೇ ಅನ್ನಿಸಿಬಿಟ್ಟಿದೆ. ಅಲ್ಲ. ಪೈಲ್ಸ್ ಅಂದರೆ ಮೂಲವ್ಯಾಧಿ, ಅಲ್ಲಿನ ರಕ್ತನಾಳಗಳು ಊದಿಕೊಳ್ಳೋದು. ಎಷ್ಟೋ ಸಲ ರಕ್ತ ಬರುತ್ತೆ, ನೋವೇ ಇರಲ್ಲ. ಫಿಸ್ಟುಲಾ ಅಂದರೆ ಭಗಂದರ, ಒಳಗಿಂದ ಹೊರಗಿನ ಚರ್ಮದವರೆಗೆ ಕೊರೆದುಕೊಂಡ ಸುರಂಗ, ಕೀವು ಬರುತ್ತೆ. ಫಿಶರ್ ಅಂದರೆ ಗುದದ್ವಾರದ ತೆಳು ಚರ್ಮದಲ್ಲಿ ಆಗೋ ಸೀಳು. ಗಾಜಿನ ಚೂರು ಹಾದುಹೋದ ಹಾಗೆ ನೋವು. ಮುಗಿಸಿ ಎದ್ದ ಮೇಲೂ ಗಂಟೆಗಟ್ಟಲೆ ಉರಿ. ಕೆಲವು ಹನಿ ಕೆಂಪು ರಕ್ತ. ಆಯುರ್ವೇದದಲ್ಲಿ ಇದಕ್ಕೆ ಪರಿಕರ್ತಿಕಾ ಅಂತಾರೆ, ಕತ್ತರಿಸಿದ ಹಾಗೆ ನೋವು ಅನ್ನೋ ಅರ್ಥದಲ್ಲಿ. ಅನುಭವಿಸಿದವರೇ ಇಟ್ಟ ಹೆಸರಿರಬೇಕು!

ಬೆರಳು ಕೊಯ್ದುಕೊಂಡರೆ ವಾರದಲ್ಲಿ ವಾಸಿಯಾಗುತ್ತೆ. ಇದ್ಯಾಕೆ ತಿಂಗಳುಗಟ್ಟಲೆ ಕಾಡುತ್ತೆ? ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಇದೊಂದು ಇನ್‌ಫಿನಿಟ್ ಲೂಪ್. ಗಟ್ಟಿ ಮಲದಿಂದ ಚರ್ಮ ಸೀಳುತ್ತೆ. ನೋವಿಗೆ ಒಳಗಿನ ಸ್ನಾಯು ಬಿಗಿಯಾಗುತ್ತೆ. ಅದು ನಮ್ಮ ಇಚ್ಛೆಗೆ ಸಿಗೋ ಸ್ನಾಯು ಅಲ್ಲ, ‘ರಿಲ್ಯಾಕ್ಸ್’ ಅಂದರೆ ಕೇಳಲ್ಲ. ಸ್ನಾಯು ಬಿಗಿಯಾದರೆ ಆ ಜಾಗಕ್ಕೆ ರಕ್ತ ಕಡಿಮೆ ಹರಿಯುತ್ತೆ. ರಕ್ತ ಇಲ್ಲದೆ ಗಾಯ ಮಾಯಲ್ಲ. ಈ ಮಧ್ಯೆ ನಾವು ನೋವಿಗೆ ಹೆದರಿ ಟಾಯ್ಲೆಟ್ ಮುಂದೂಡ್ತೀವಿ, ಮಲ ಇನ್ನೂ ಗಟ್ಟಿಯಾಗುತ್ತೆ, ಮತ್ತೆ ಸೀಳು. ನನ್ನ ಟೀಮಿನ ಒಬ್ಬ ಈ ಭಯಕ್ಕೇ ರಾತ್ರಿ ಊಟ ಬಿಟ್ಟಿದ್ದ. ಡಯಟ್ ಅಂತ ನಾವೆಲ್ಲ ಅಂದುಕೊಂಡಿದ್ವಿ.

ಹಾಗಾಗಿ ಚಿಕಿತ್ಸೆ ಅಂದರೆ ಈ ಲೂಪನ್ನು ಎರಡು ಕಡೆ ಮುರಿಯೋದು.

ಮೊದಲನೆಯದು, ಮಲ ಮೆತ್ತಗಿರಬೇಕು. ದಿನಕ್ಕೆ 25ರಿಂದ 35 ಗ್ರಾಂ ನಾರಿನಂಶ ಬೇಕು ಅಂತಾರೆ. ಬಿಳಿ ಅನ್ನ, ಮೈದಾ ಪರೋಟ, ರಾತ್ರಿ ಹನ್ನೊಂದರ ಆರ್ಡರ್ ಬಿರಿಯಾನಿಯಲ್ಲಿ ಅದು ಸಿಗಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಸೊಪ್ಪಿನ ಸಾರು, ಕಾಳಿನ ಹುಳಿ, ಸೀಬೆಹಣ್ಣು, ಪಪ್ಪಾಯಿ ಸೇರಿಸಿ. ಸಾಲದಿದ್ದರೆ ಇಸಬ್‌ಗೋಲ್, ಆದರೆ ಅದರ ಜೊತೆ ನೀರು ಚೆನ್ನಾಗಿ ಕುಡಿಯಬೇಕು, ಇಲ್ಲಾಂದ್ರೆ ಅದೇ ಕಟ್ಟಿಕೊಳ್ಳುತ್ತೆ. ಡಾಕ್ಟರ್ ಕೆಲವು ವಾರಕ್ಕೆ ಮಲ ಸಡಿಲಿಸೋ ಸಿರಪ್ ಕೊಡಬಹುದು.

ಎರಡನೆಯದು, ಸ್ನಾಯು ಸಡಿಲಾಗಬೇಕು. ಅಗಲವಾದ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರೋದು, ದಿನಕ್ಕೆ ಎರಡು ಮೂರು ಸಲ. ಅದರಲ್ಲೂ ಟಾಯ್ಲೆಟ್ಟಿಗೆ ಹೋಗಿ ಬಂದ ಮೇಲೆ ತಪ್ಪದೆ. ಬರೀ ನೀರು ಸಾಕು, ಆಂಟಿಸೆಪ್ಟಿಕ್ ಬೇಡ. ಇಷ್ಟರಲ್ಲೇ ಬಹಳಷ್ಟು ಹೊಸ ಫಿಶರ್‌ಗಳು ಕೆಲವು ವಾರದಲ್ಲಿ ವಾಸಿಯಾಗುತ್ತವೆ.

ಆರರಿಂದ ಎಂಟು ವಾರ ದಾಟಿದರೆ ಅದನ್ನು ಹಳೆಯ ಫಿಶರ್ ಅಂತಾರೆ. ಆಗ ಸ್ನಾಯು ಸಡಿಲಿಸೋ ಮುಲಾಮು ಬರೆದುಕೊಡ್ತಾರೆ: ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್. ನೈಟ್ರೋಗ್ಲಿಸರಿನ್‌ಗೆ ತಲೆನೋವು ಬರೋದು ಸಾಮಾನ್ಯ. ಸಿಲ್ಡೆನಾಫಿಲ್ ತರದ ಮಾತ್ರೆ ತಗೊಳ್ಳೋರು ಅದನ್ನು ಹಚ್ಚಲೇಬಾರದು, ಬಿಪಿ ಅಪಾಯಕಾರಿಯಾಗಿ ಇಳಿಯುತ್ತೆ. ಆದ್ದರಿಂದ ಮೆಡಿಕಲ್ ಶಾಪಲ್ಲಿ ‘ಪೈಲ್ಸ್ ಕ್ರೀಮ್ ಕೊಡಿ’ ಅಂತ ಪಿಸುಗುಟ್ಟೋದಕ್ಕಿಂತ ಡಾಕ್ಟರ್ ಮುಂದೆ ಬಾಯಿ ಬಿಡೋದು ಒಳ್ಳೇದು.

ಸುಕ್ಕು ತೆಗೆಯೋಕೆ ಬಳಸೋ ಬೊಟಾಕ್ಸ್ ಇಲ್ಲೂ ಕೆಲಸಕ್ಕೆ ಬರುತ್ತೆ, ಸ್ನಾಯುವನ್ನು ಕೆಲವು ತಿಂಗಳು ಸಡಿಲ ಇಡುತ್ತೆ. ಯಾವುದಕ್ಕೂ ಬಗ್ಗದಿದ್ದರೆ ಸರ್ಜರಿ. ಬಿಗಿಯಾದ ಸ್ನಾಯುವಿನ ಒಂದು ಸಣ್ಣ ಭಾಗ ಕತ್ತರಿಸ್ತಾರೆ. 100ರಲ್ಲಿ 90ಕ್ಕೂ ಹೆಚ್ಚು ಜನರಿಗೆ ಗಾಯ ಮಾಯುತ್ತೆ. ಆದರೆ ಕೆಲವರಿಗೆ ಗ್ಯಾಸ್ ಅಥವಾ ಮಲದ ಮೇಲಿನ ಹಿಡಿತ ಕಡಿಮೆಯಾಗಬಹುದು. ಹೊಸ ಫಿಶರ್‌ಗೆ ಮೊದಲ ದಿನವೇ ಯಾರಾದರೂ ‘ನಾಳೆ ಅಡ್ಮಿಟ್ ಆಗಿ’ ಅಂದರೆ, ಏನು ಕತ್ತರಿಸ್ತೀರಿ, ಮುಲಾಮು ಯಾಕೆ ಬೇಡ ಅಂತ ಕೇಳಿ. ಇನ್ನೊಬ್ಬ ಡಾಕ್ಟರ್ ಅಭಿಪ್ರಾಯವನ್ನೂ ತಗೊಳ್ಳಿ.

ಇದನ್ನು ಫೋನಲ್ಲಿ ಓದ್ತಿದ್ದೀರಿ, ಎಲ್ಲಿ ಕೂತು ಅಂತ ಕೇಳಲ್ಲ. ಕಮೋಡ್ ಮೇಲೆ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಕಾಲ ಕೆಳಗೆ ಒಂದು ಚಿಕ್ಕ ಸ್ಟೂಲ್ ಇಟ್ಟುಕೊಂಡರೆ ತಿಣುಕಬೇಕಾಗಿಲ್ಲ. ಒತ್ತಡ ಬಂದಾಗ ಮೀಟಿಂಗ್ ಇದ್ದರೂ ಎದ್ದು ಹೋಗಿ.

ಕೊನೆಯದಾಗಿ, ಗಂಭೀರವಾದ ಮಾತು. ರಕ್ತ ಮಲದ ಜೊತೆ ಬೆರೆತು ಬರ್ತಿದ್ದರೆ, ಕಪ್ಪಗಿದ್ದರೆ, ತೂಕ ಇಳೀತಿದ್ದರೆ, ಜ್ವರ ಇದ್ದರೆ, ಮಲವಿಸರ್ಜನೆಯ ಅಭ್ಯಾಸವೇ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ‘ಫಿಶರ್ ಇರಬೇಕು’ ಅಂತ ಸುಮ್ಮನಿರಬೇಡಿ. ಫಿಶರ್ ಹೆಚ್ಚಾಗಿ ಹಿಂಭಾಗದ ನಡುವೆ ಆಗುತ್ತೆ. ಪಕ್ಕದಲ್ಲಿ ಆಗಿದ್ದರೆ ಕ್ರೋನ್ಸ್ ಕಾಯಿಲೆ, ಟಿಬಿ ತರದ ಕಾರಣಗಳನ್ನೂ ಡಾಕ್ಟರ್ ಹುಡುಕ್ತಾರೆ. ಇದು ನೋಡಿದರೆ ಮಾತ್ರ ಗೊತ್ತಾಗೋದು, ನಾಚಿಕೆ ಪಟ್ಟು ಫೋನಲ್ಲಿ ವಿವರಿಸಿದರೆ ಅಲ್ಲ.

ಹೇಗೆ ಹೇಳೋದು ಅನ್ನೋದೇ ಸಮಸ್ಯೆ ಆಗಿದ್ದರೆ, ಈ ವಾಕ್ಯ ಇಟ್ಕೊಳ್ಳಿ: ‘ಡಾಕ್ಟ್ರೇ, ಮಲವಿಸರ್ಜನೆ ಮಾಡುವಾಗ ನೋವು, ರಕ್ತ ಬರ್ತಿದೆ, ಇಷ್ಟು ದಿನದಿಂದ.’ ಅಷ್ಟೇ. ಮುಂದಿನದನ್ನು ಅವರೇ ಕೇಳ್ತಾರೆ.