ಇಮ್ಯುನಿಟಿ ಹೆಚ್ಚಾದಷ್ಟೂ ಒಳ್ಳೇದಾ? ಅಲ್ರೀ!

1/5
ನಮ್ಮ ಮಹಾಲಿಂಗಪುರದಾಗ ಬೆಲ್ಲ ಮಾಡೋದು ನೋಡೀರಲ್ಲ? ಉರಿ ಇಲ್ಲಂದ್ರ ಬೆಲ್ಲ ಇಲ್ಲ. ಆದ್ರ ಪಾಕ ಹದಕ್ಕ ಬಂದಾಗ ಕೊಪ್ಪರಿಗಿ ಇಳಿಸದಿದ್ರ ಎಲ್ಲಾ ಕರಕಲು. "ಇನ್ನಷ್ಟು ಉರಿ ಹಾಕು" ಅನ್ನಾಂವನ್ನ ಗಾಣದಾಗ ಯಾರೂ ಇಟ್ಕೊಳ್ಳಂಗಿಲ್ಲ. ಅದೇ ಮಾತನ್ನ ಡಬ್ಬಿ ಮ್ಯಾಲೆ "ಇಮ್ಯುನಿಟಿ ಬೂಸ್ಟರ್" ಅಂತ ಬರೆದ್ರ ರೊಕ್ಕ ಕೊಟ್ಟು ತರ್ತೀವಿ!

2/5
ಎಚ್‌ಎಲ್‌ಎಚ್ ಅಂತ ಒಂದು ಅಪರೂಪದ ರೋಗ ಐತಿ: ಹಿಮೋಫ್ಯಾಗೋಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್. ಸ್ಕಾಟ್ ಮತ್ತು ರಾಬ್-ಸ್ಮಿತ್ 1939ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಇಲ್ಲಿ ಕೊಲ್ಲೋದು ವೈರಸ್ ಒಂದೇ ಅಲ್ಲ. ನಿಲ್ಲದೇ ಉರಿಯೋ ನಮ್ಮದೇ ರೋಗನಿರೋಧಕ ವ್ಯವಸ್ಥೆ.

3/5
ಬಯಾಲಜಿ ಕ್ಲಾಸ್ ನೆನಪು ಮಾಡ್ಕೊಳ್ರಿ. ಸೋಂಕು ಬಂದಾಗ ಟಿ ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ಸೈಟೊಕೈನ್ ಬಿಡ್ತಾವ. ಅದರಿಂದ ಎಚ್ಚೆತ್ತ ಮ್ಯಾಕ್ರೋಫೇಜ್‌ಗಳು ಐಎಲ್-6, ಐಎಲ್-18, ಟಿಎನ್‌ಎಫ್ ಸುರೀತಾವ. ಸೋಂಕಿತ ಕೋಶವನ್ನು ಪರ್ಫೊರಿನ್ ಎಂಬ ಪ್ರೋಟೀನ್‌ನಿಂದ ಕೊಂದರೆ ಗದ್ದಲ ತಣ್ಣಗಾಗುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಪರ್ಫೊರಿನ್ ಜೀನ್ ಕೆಟ್ಟಿರುತ್ತದೆ. ಇದು ಗೊತ್ತಾಗಿದ್ದು 1999ರಲ್ಲಿ. ಆಗ ಕೊಲ್ಲೋ ಕೆಲಸ ಆಗಂಗಿಲ್ಲ, ಕೂಗೋದು ನಿಲ್ಲಂಗಿಲ್ಲ. ಕೊನೆಗೆ ಮ್ಯಾಕ್ರೋಫೇಜ್‌ಗಳು ನಮ್ಮದೇ ರಕ್ತಕಣ ನುಂಗ್ತಾವ.

4/5
"ಅಪರೂಪದ ರೋಗ, ನಮಗ್ಯಾಕ?" ಅಂತೀರಾ? ಜೀನ್ ಸರಿ ಇದ್ದವರಿಗೂ ಡೆಂಗಿ, ಸ್ಕ್ರಬ್ ಟೈಫಸ್, ಕೆಲವು ಕ್ಯಾನ್ಸರ್ ಹಿಂದೆ ಇದು ಬರಬಹುದು. ಡೆಂಗಿ ಬಂದ್ರ ನಾವೇನು ಮಾಡ್ತೀವಿ? ಪ್ಲೇಟ್‌ಲೆಟ್ ನಂಬರ್ ಸ್ಟೇಟಸ್‌ಗೆ ಹಾಕ್ತೀವಿ, ಪಪ್ಪಾಯಿ ಎಲಿ ರಸ ಕುಡಿಸಿ ಕಾಯ್ತೀವಿ. ಜ್ವರ ವಾರ ದಾಟಿದ್ರ, ಎರಡು-ಮೂರು ನಮೂನಿ ರಕ್ತಕಣ ಒಟ್ಟಿಗೇ ಇಳಿದ್ರ, ಗುಲ್ಮ ಊದಿದ್ರ ಕಾಯಬ್ಯಾಡ್ರಿ. "ಫೆರಿಟಿನ್ ನೋಡೂಣೇನ್ರಿ?" ಅಂತ ಡಾಕ್ಟರನ್ನ ಕೇಳ್ರಿ. ಫೆರಿಟಿನ್ 500 ದಾಟಿದ್ರೂ ಅದೊಂದರಿಂದಲೇ ರೋಗ ಖಚಿತ ಆಗಲ್ಲ, ಬರೀ ಡೆಂಗಿಯಲ್ಲೂ ಏರ್ತದ. 2004ರ ಪಟ್ಟಿ ಪ್ರಕಾರ ಎಂಟು ಲಕ್ಷಣಗಳಲ್ಲಿ ಐದು ಬೇಕು. ಆದ್ರ ಯಾರಾದ್ರೂ ಕೇಳಿದ್ರಲ್ಲವಾ ಹುಡುಕೋದು?

5/5
ಈಗ ಔಷಧ ನೋಡ್ರಿ. ಡೆಕ್ಸಾಮೆಥಾಸೋನ್, ಎಟೊಪೊಸೈಡ್: ಎರಡೂ ಉರಿ ತಗ್ಗಿಸುವಂಥವೇ. 2018ರಲ್ಲಿ ಅಮೆರಿಕ ಒಪ್ಪಿದ ಎಮಪಲುಮ್ಯಾಬ್ ನೇರವಾಗಿ ಇಂಟರ್‌ಫೆರಾನ್-ಗಾಮಾವನ್ನೇ ಕಟ್ಟಿಹಾಕುತ್ತದೆ. ಒಂದಾದ್ರೂ ಬೂಸ್ಟರ್ ಐತೇನು? ಎಲ್ಲಾ ಬ್ರೇಕ್! ಹಂಗಂತ ಅಂಗಡಿಯಿಂದ ಸ್ಟೆರಾಯ್ಡ್ ತಂದು ನುಂಗಬ್ಯಾಡ್ರಿ. ಅದು ಸೋಂಕನ್ನೇ ಮುಚ್ಚಿಟ್ಟು ಬೆಳೆಸಬಹುದು.

ಮುಂದಿನ ಸಲ ಯಾರಾದ್ರೂ ಬೂಸ್ಟರ್ ಪುಡಿ ಫಾರ್ವರ್ಡ್ ಮಾಡಿದ್ರ ಒಂದೇ ಪ್ರಶ್ನೆ ಕೇಳ್ರಿ: "ಕೊಪ್ಪರಿಗಿ ಇಳಸಾಂವ ಯಾರು?"

ಮನ್ಯಾಗ ಜ್ವರ ಇದ್ದವರಿಗೆ 4ನೇ ಸ್ಲೈಡ್ ಕಳಿಸ್ರಿ.

#ಎಚ್‌ಎಲ್‌ಎಚ್ #ಸೈಟೊಕೈನ್ #ಮಹಾಲಿಂಗಪುರ #ಕನ್ನಡದಾಗವಿಜ್ಞಾನ